ಗಾಡಿ ಇನ್ನೊಬ್ಬರದು, ಗಡಿ ದಾಟೋದು ನಾವು

ಇಂಟರ್ನಲ್ಸ್ ಮುಗಿದ ಸಂಜೆ ಯಾವ ವಾಟ್ಸಾಪ್ ಗ್ರೂಪ್ ತೆರೆದರೂ ಮೊದಲ ಪ್ರಶ್ನೆ ಒಂದೇ: ಊಟಿನಾ, ವಯನಾಡಾ? ಎರಡನೇ ಪ್ರಶ್ನೆ: ಕಾರು ಯಾರದು? ಮೊದಲನೆಯದಕ್ಕೆ ಅರ್ಧ ರಾತ್ರಿ ಜಗಳ ಆಡ್ತೀವಿ. ಎರಡನೆಯದು ಐದೇ ನಿಮಿಷದಲ್ಲಿ ಮುಗಿಯುತ್ತೆ. "ನಮ್ಮೂರಲ್ಲಿ ಒಬ್ರು ಅಣ್ಣ ಇದಾರೆ ಮಗಾ, ದಿನಕ್ಕಿಷ್ಟು ಅಂತ ಕೊಡ್ತಾರೆ, ಅಗ್ರಿಮೆಂಟು ಗಿಗ್ರಿಮೆಂಟು ಏನೂ ತಲೆನೋವಿಲ್ಲ" ಅಂತ ಯಾರಾದರೂ ಹೇಳಿದರೆ ಮುಗೀತು. ಈ ಬರಹ ಆ ಎರಡನೇ ಪ್ರಶ್ನೆಯ ಬಗ್ಗೆ. ಅದಕ್ಕೆ ಐದು ನಿಮಿಷ ಸಾಲದು ಅನ್ನೋದು ನಮ್ಮ ವಾದ.

ನಂಜನಗೂಡು, ಟಿ. ನರಸೀಪುರ ಕಡೆಯಿಂದ ಕಾಲೇಜಿಗೆ ಬರೋ ನಮಗೆ ಗಡಿ ಅನ್ನೋದು ದೂರದ ಮಾತಲ್ಲ. ಎರಡೂ ಊರಿಗೆ ಒಂದೇ ಹೆದ್ದಾರಿ. ಕೊಳ್ಳೇಗಾಲದಿಂದ ಹೊರಡೋ ರಾಷ್ಟ್ರೀಯ ಹೆದ್ದಾರಿ 766 ನರಸೀಪುರ, ಮೈಸೂರು, ನಂಜನಗೂಡು, ಗುಂಡ್ಲುಪೇಟೆ ದಾಟಿ, ಬಂಡೀಪುರದ ಕಾಡಿನಲ್ಲಿ ಮೂಲೆಹೊಳೆ ಹತ್ರ ಕೇರಳ ಸೇರಿ, ಕೋಯಿಕ್ಕೋಡಿನವರೆಗೆ ಹೋಗುತ್ತೆ. ಹಳಬರು ಈಗಲೂ ಅದನ್ನು 212 ಅಂತಾರೆ. ಗುಂಡ್ಲುಪೇಟೆಯಲ್ಲಿ ಕವಲೊಡೆಯೋ 181 ಬಂಡೀಪುರ, ಕೆಕ್ಕನಹಳ್ಳ ದಾಟಿ ಗೂಡಲೂರು, ಊಟಿಗೆ ಹೋಗುತ್ತೆ. ಬೆಳಗ್ಗೆ ನಂಜನಗೂಡಲ್ಲಿ ಇಡ್ಲಿ ತಿಂದು ಹೊರಟರೆ ಮಧ್ಯಾಹ್ನದ ಊಟ ಇನ್ನೊಂದು ರಾಜ್ಯದಲ್ಲಿ. ಪಾಸ್‌ಪೋರ್ಟ್ ಬೇಡ, ವೀಸಾ ಬೇಡ. ಹಾಗಾಗಿ ಗಡಿ ಅಂತ ಒಂದಿದೆ ಅನ್ನೋದೇ ಮರೆತುಹೋಗುತ್ತೆ. ನಮಗೆ ಗಡಿ ಇಲ್ಲ, ನಿಜ. ಆದರೆ ಕಾರಿಗೆ ಇದೆ. ಅದು ಬಾಡಿಗೆ ಕಾರಾದರೆ ಇನ್ನೂ ಗಟ್ಟಿಯಾಗಿ ಇದೆ.

ಮೊದಲು ಬೋರ್ಡ್ ವಿಷಯ ನೋಡೋಣ. ಬಿಳಿ ಪ್ಲೇಟಿನ ಮೇಲೆ ಕಪ್ಪು ಅಕ್ಷರ ಇದ್ದರೆ ಸ್ವಂತ ಬಳಕೆಯ ಕಾರು. ಹಳದಿ ಪ್ಲೇಟಿನ ಮೇಲೆ ಕಪ್ಪು ಅಕ್ಷರ ಇದ್ದರೆ ಟ್ಯಾಕ್ಸಿ, ಡ್ರೈವರ್ ಜೊತೆಗೇ ಬರುತ್ತೆ. ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇದ್ದರೆ ಮಾತ್ರ ನಾವೇ ಓಡಿಸೋಕೆ ಅಂತ ಬಾಡಿಗೆಗೆ ಕೊಡೋ ಕಾರು. ನಮ್ಮ "ಅಣ್ಣ" ಕೊಡೋದು ಯಾವುದು? ನೂರಕ್ಕೆ ನೂರು ವೈಟ್ ಬೋರ್ಡ್. ಸ್ನೇಹಿತನ ಕಾರನ್ನು ದುಡ್ಡು ಕೊಡದೆ ಕೇಳಿ ತಗೊಂಡು ಹೋಗೋದು ತಪ್ಪಲ್ಲ. ದಿನಕ್ಕಿಷ್ಟು ಅಂತ ದುಡ್ಡು ಕೈ ಬದಲಾದ ಕ್ಷಣ ಅದೇ ಕಾರು ಕಾನೂನಿನ ಕಣ್ಣಲ್ಲಿ ಪರ್ಮಿಟ್ ಇಲ್ಲದೆ ಬಾಡಿಗೆ ಹೊಡೆಯೋ ಗಾಡಿ ಆಗುತ್ತೆ. ಮೋಟಾರು ವಾಹನ ಕಾಯ್ದೆಯ 192ಎ ಕಲಂ ಪ್ರಕಾರ ಮೊದಲ ಸಲಕ್ಕೇ ಹತ್ತು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ವಿಧಿಸೋಕೆ ಅವಕಾಶ ಇದೆ. 207ನೇ ಕಲಂ ಪ್ರಕಾರ ಗಾಡಿಯನ್ನೇ ವಶಕ್ಕೆ ತಗೋಬಹುದು.

"ಹಿಡಿದರೆ ನೋಡ್ಕೊಳ್ಳೋಣ, ಫ್ರೆಂಡ್ ಕಾರು ಅಂತೀವಿ" ಅನ್ನೋದು ಎಲ್ಲರ ಬಾಯಲ್ಲೂ ಇರೋ ಉತ್ತರ. ದಂಡದ ಭಯ ಹುಟ್ಟಿಸೋದು ನಮ್ಮ ಉದ್ದೇಶ ಅಲ್ಲ. ಎಷ್ಟೋ ಗಾಡಿಗಳು ಹಿಡಿಸಿಕೊಳ್ಳದೆ ಹೋಗಿ ಬರ್ತವೆ. ನಾವು ಕೇಳೋದು ಬೇರೆ ಪ್ರಶ್ನೆ: ಏನಾದರೂ ಆದರೆ ಅದು ಯಾರ ತಲೆ ಮೇಲೆ ಬೀಳುತ್ತೆ?

ಸ್ವಂತ ಬಳಕೆಯ ಕಾರಿನ ವಿಮಾ ಪಾಲಿಸಿ ತೆಗೆದು ನೋಡಿ. ಬಳಕೆಯ ಮಿತಿ ಅಂತ ಒಂದು ಭಾಗ ಇರುತ್ತೆ. ಬಾಡಿಗೆಗೋ ಪ್ರತಿಫಲಕ್ಕೋ ಗಾಡಿ ಕೊಟ್ಟರೆ ಪಾಲಿಸಿ ಅನ್ವಯಿಸಲ್ಲ ಅಂತ ಅಲ್ಲಿ ಇರುತ್ತೆ. ಅಂದರೆ ಗೂಡಲೂರಿನ ತಿರುವಿನಲ್ಲಿ ಕಾರು ಜಖಂ ಆದರೆ ರಿಪೇರಿ ಖರ್ಚು ಕೊಡಲ್ಲ ಅನ್ನೋಕೆ ಕಂಪನಿಗೆ ಕಾರಣ ಸಿಕ್ಕಿತು. ಎದುರಿಗಿದ್ದವರಿಗೆ ಪೆಟ್ಟಾದರೆ ವಿಷಯ ಇನ್ನೂ ದೊಡ್ಡದು. ಗಾಯಾಳುವಿಗೆ ವಿಮಾ ಕಂಪನಿ ಮೊದಲು ಪರಿಹಾರ ಕೊಡಲಿ, ಆಮೇಲೆ ಆ ದುಡ್ಡನ್ನು ಮಾಲೀಕರಿಂದ ವಸೂಲಿ ಮಾಡಿಕೊಳ್ಳಲಿ ಅಂತ ಕೋರ್ಟು ಆದೇಶ ಮಾಡಬಹುದು.

ಆ ಮಾಲೀಕರು ಯಾರು? ದೊಡ್ಡ ಕಂಪನಿ ಅಲ್ಲ. ನಮ್ಮ ತಾಲ್ಲೂಕಿನಲ್ಲೇ ಇರೋರು. ಸಾಲ ಮಾಡಿ ಕಾರು ತಗೊಂಡು, ತಿಂಗಳ ಇಎಂಐಗೆ ಆಗುತ್ತೆ ಅಂತ ವಾರಾಂತ್ಯಕ್ಕೆ ಹುಡುಗರಿಗೆ ಕೊಡೋರು. ಅಪಘಾತ ಆದ ಮೇಲೆ ನಾವು ಬ್ಯಾಗ್ ಹಾಕ್ಕೊಂಡು ಬಸ್ ಹತ್ತಿ ವಾಪಸ್ ಬರ್ತೀವಿ. ಕಾರು ಮಾತ್ರ ಬೇರೆ ರಾಜ್ಯದ ಪೊಲೀಸ್ ಠಾಣೆ ಮುಂದೆ ಮಳೇಲಿ ನೆನೀತಾ ನಿಂತಿರುತ್ತೆ. ಭಾಷೆ ಬಾರದ ಊರಿಗೆ, ಇರೋ ಕೆಲಸ ಬಿಟ್ಟು, ಕಾಗದ ಹಿಡ್ಕೊಂಡು ಅಲೆಯೋರು ಆ ಅಣ್ಣ. ಇಎಂಐ ಅಷ್ಟೂ ದಿನ ಕಟ್ತಾ ಇರಬೇಕು. ಇದೇ ಘಟನೆ ಕಡಕೊಳದ ಹತ್ರ ಆಗಿದ್ದರೆ ಅರ್ಧ ಗಂಟೇಲಿ ನಾಲ್ಕು ಜನ ಗೊತ್ತಿರೋರು ಬಂದು ನಿಲ್ಲೋರು. ಗಡಿ ದಾಟಿದ ಮೇಲೆ ಪ್ರತಿ ತೊಂದರೆಯೂ ಎರಡು ಪಟ್ಟು. "ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ" ಅಂತಾರಲ್ಲ, ನಮ್ಮ ಟ್ರಿಪ್ಪು ಹಾಗಾಗಬಾರದು.

ಇದು ಬರೀ ಊಹೆ ಅಲ್ಲ. 2024ರ ಡಿಸೆಂಬರ್ 2ರ ರಾತ್ರಿ ಕೇರಳದ ಆಲಪ್ಪುಳ ಹತ್ತಿರ ಕಳರ್ಕೋಡಿನಲ್ಲಿ ಹನ್ನೊಂದು ವೈದ್ಯಕೀಯ ವಿದ್ಯಾರ್ಥಿಗಳಿದ್ದ ಕಾರು ಬಸ್ಸಿಗೆ ಡಿಕ್ಕಿ ಹೊಡೀತು. ಆರು ಜನ ತೀರಿಕೊಂಡರು. ಎಲ್ಲ ನಮ್ಮ ವಯಸ್ಸಿನವರೇ. ಕಾರು ಅವರದಲ್ಲ, ಬೇರೊಬ್ಬರ ಖಾಸಗಿ ಕಾರು. ಅದನ್ನು ಬಾಡಿಗೆಗೆ ಕೊಟ್ಟಿದ್ದರ ಬಗ್ಗೆ ಅಲ್ಲಿನ ಸಾರಿಗೆ ಇಲಾಖೆ ತನಿಖೆ ಮಾಡಿತು. ಅಪಘಾತ ಆಗಿದ್ದು ಬೋರ್ಡ್ ಬಣ್ಣದಿಂದಲ್ಲ ಅನ್ನೋದನ್ನ ಒಪ್ಪಲೇಬೇಕು. ಅವತ್ತು ಮಳೆ ಇತ್ತು, ಕಾರಿನೊಳಗೆ ಹಿಡಿಸೋದಕ್ಕಿಂತ ಜಾಸ್ತಿ ಜನ ಇದ್ದರು. ಆದರೆ ಅದಾದ ಮೇಲೆ ಕೇರಳದಲ್ಲಿ ಖಾಸಗಿ ಕಾರನ್ನು ಬಾಡಿಗೆಗೆ ಕೊಡೋದರ ಬಗ್ಗೆ ಬಿಗಿ ಹೆಚ್ಚಾಯಿತು. ನಾವು ವಯನಾಡಿಗೆ ಅಂತ ಹೋಗೋದು ಅದೇ ಕೇರಳಕ್ಕೆ.

ಹಾಗಾದರೆ ಆ ಅಣ್ಣ ಕಪ್ಪು ಬೋರ್ಡ್ ಹಾಕಿಸಿಕೊಂಡು ನೆಟ್ಟಗೆ ವ್ಯಾಪಾರ ಮಾಡಬಾರದಾ? ಇಲ್ಲೇ ಇರೋದು ನಮ್ಮ ಸಿಟ್ಟು. 1989ರ ರೆಂಟ್ ಎ ಕ್ಯಾಬ್ ಸ್ಕೀಮ್ ಪ್ರಕಾರ ಈ ಲೈಸೆನ್ಸ್ ಬೇಕು ಅಂದರೆ ಕನಿಷ್ಠ 50 ಕಾರು ಇರಬೇಕು, ಎಲ್ಲಕ್ಕೂ ಅಖಿಲ ಭಾರತ ಪ್ರವಾಸಿ ಪರ್ಮಿಟ್ ಇರಬೇಕು. ನಂಜನಗೂಡಿನಲ್ಲಿ 50 ಕಾರು ಇಟ್ಕೊಂಡು ಯಾರು ಕೂತಿರ್ತಾರೆ? ಎರಡೋ ಮೂರೋ ಕಾರಿರೋ ಮನುಷ್ಯನಿಗೆ ಕಾನೂನಿನ ಬಾಗಿಲು ತೆರೆಯೋದೇ ಇಲ್ಲ. ಬೈಕ್ ಬಾಡಿಗೆಗೆ 1997ರಲ್ಲಿ ಬೇರೆ ಸ್ಕೀಮ್ ಬಂತು, ಅಲ್ಲಿ ಐದು ಬೈಕ್ ಇದ್ದರೆ ಸಾಕು. ಬೈಕಿಗೆ ಐದು, ಕಾರಿಗೆ ಐವತ್ತು. ಈ ಲೆಕ್ಕ ಬೆಂಗಳೂರಿನ ದೊಡ್ಡ ಕಂಪನಿಗೆ ಸರಿಹೋಗಬಹುದು. ಸಣ್ಣ ಊರಿನಲ್ಲಿ ಇದರಿಂದ ಆಗೋದು ಒಂದೇ: ಬೇಡಿಕೆ ಇದ್ದೇ ಇರುತ್ತೆ, ವ್ಯಾಪಾರ ಕದ್ದು ನಡೆಯುತ್ತೆ. ಸುರಕ್ಷತೆಗೆ ಬೇಕಾಗಿರೋದು ಪರ್ಮಿಟ್ಟು, ಸರಿಯಾದ ವಿಮೆ, ಫಿಟ್ನೆಸ್ ಸರ್ಟಿಫಿಕೇಟು. ಅವು ಐದು ಕಾರಿಗೂ ಇರಬಹುದು, ಐವತ್ತಕ್ಕೂ ಇರಬಹುದು. ಹಾಗಾಗಿ ಕಾರಿಗೂ ಆ ಸಂಖ್ಯೆಯನ್ನು ಐದಕ್ಕೆ ಇಳಿಸಬೇಕು ಅನ್ನೋದು ನಮ್ಮ ಅಭಿಪ್ರಾಯ.

ದೇಶದ ಗಡಿಗಳಲ್ಲೂ ಕಥೆ ಇದೇ, ಕಾಗದ ಮಾತ್ರ ಜಾಸ್ತಿ. ನಮ್ಮ ಸೀನಿಯರ್‌ಗಳು ಎಷ್ಟೋ ಜನ ಎಂಎಸ್ ಅಂತ ಜರ್ಮನಿಗೆ ಹೋಗ್ತಾರೆ. ಅಲ್ಲಿ ಬಾಡಿಗೆ ಕಾರು ತಗೊಂಡು ಸ್ವಿಟ್ಜರ್ಲೆಂಡಿಗೋ ಪೋಲೆಂಡಿಗೋ ಹೋಗೋಣ ಅಂದರೆ ರಸ್ತೆಯಲ್ಲಿ ಯಾರೂ ತಡೀದೇ ಇರಬಹುದು. ಆದರೆ ಯಾವ ದೇಶಕ್ಕೆ ಹೋಗ್ತೀವಿ ಅಂತ ಬಾಡಿಗೆ ಕಂಪನಿಗೆ ಮೊದಲೇ ಹೇಳಿ ಒಪ್ಪಿಗೆ ತಗೋಬೇಕು. ಹೇಳದೆ ದಾಟಿದರೆ ವಿಮೆ ಕೈಕೊಡಬಹುದು. 25 ವರ್ಷದೊಳಗಿನ ಡ್ರೈವರ್‌ಗೆ ಎಷ್ಟೋ ಕಂಪನಿಗಳು ಹೆಚ್ಚು ದುಡ್ಡು ಹಾಕ್ತವೆ. ಸ್ವಿಟ್ಜರ್ಲೆಂಡಿನ ಹೆದ್ದಾರಿಗೆ 40 ಫ್ರಾಂಕಿನ ವಿನ್ಯೆಟ್ ಬೇಕು. ಇಲ್ಲಿಂದ ಹೊರಡೋ ಮುಂಚೆ ಆರ್‌ಟಿಒನಲ್ಲಿ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳೋದು ಒಳ್ಳೇದು, ಅದು ಒಂದು ವರ್ಷ ನಡೆಯುತ್ತೆ. ನೇಪಾಳಕ್ಕೆ ನಮ್ಮ ದೇಶದ ಕಾರಿನಲ್ಲಿ ಹೋದರೆ ಗಡಿಯ ಕಸ್ಟಮ್ಸ್‌ನಲ್ಲಿ ಎಷ್ಟು ದಿನ ಇರ್ತೀವೋ ಅಷ್ಟು ದಿನಕ್ಕೆ ದುಡ್ಡು ಕಟ್ಟಿ ಭನ್ಸಾರ್ ಅನ್ನೋ ಚೀಟಿ ಮಾಡಿಸಬೇಕು. ಇನ್ನೂ ದೂರದ ಕೆಲವು ದೇಶಗಳು ಕಾರ್ನೆ ಅನ್ನೋ ಪುಸ್ತಕ ಕೇಳ್ತವೆ. ಕಾರನ್ನು ಇಲ್ಲೇ ಮಾರಿ ಹೋಗಲ್ಲ, ವಾಪಸ್ ತಗೊಂಡು ಹೋಗ್ತೀವಿ ಅನ್ನೋದಕ್ಕೆ ಅದು ಗ್ಯಾರಂಟಿ. ಭಾರತ, ಭೂತಾನ್, ಬಾಂಗ್ಲಾದೇಶ, ನೇಪಾಳ ಸೇರಿ ಗಾಡಿಗಳ ಓಡಾಟ ಸಲೀಸು ಮಾಡೋಣ ಅಂತ 2015ರ ಜೂನ್‌ನಲ್ಲಿ ಥಿಂಪುವಿನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವು, ಮರುವರ್ಷ ಭೂತಾನಿನ ಮೇಲ್ಮನೆಯೇ ಅದನ್ನು ಒಪ್ಪಲಿಲ್ಲ. ಎಲ್ಲ ಕಡೆ ಕೇಳೋದು ಎರಡೇ ವಿಷಯ: ಈ ಗಾಡಿ ಯಾರದು, ಇದು ಇಲ್ಲಿಗೆ ಬಂದಿರೋದು ಅವರಿಗೆ ಗೊತ್ತಾ?

ಮೂಲೆಹೊಳೆಯಲ್ಲೂ ಅದೇ ಪ್ರಶ್ನೆಯನ್ನು ನಾವೇ ಕೇಳಿಕೊಂಡರೆ ಸಾಕು. ಕಪ್ಪು ಬೋರ್ಡಿನ ಕಾರನ್ನೇ ತಗೊಂಡರೂ ಅಗ್ರಿಮೆಂಟಿನಲ್ಲಿ ಬೇರೆ ರಾಜ್ಯದ ಬಗ್ಗೆ ಏನಿದೆ ಅಂತ ಓದಬೇಕು. ನಾವು ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಬಂದವರು, ಅಗ್ರಿಮೆಂಟೂ ಇಂಗ್ಲಿಷಲ್ಲೇ ಇರುತ್ತೆ, ಆದರೂ "ಐ ಅಗ್ರಿ" ಒತ್ತಿ ಮುಂದೆ ಹೋಗೋದೇ ಅಭ್ಯಾಸ. ಅತ್ತ ಕಾರು ಕೊಡೋ ಅಣ್ಣ ಇಂಟರ್ನೆಟ್ಟಿಂದ ಇಳಿಸಿದ ಇಂಗ್ಲಿಷ್ ಬಾಂಡಿಗೆ ಕನ್ನಡದಲ್ಲಿ ಸಹಿ ಹಾಕ್ತಾರೆ. ಓದೋಕೆ ಬರೋರು ಓದಲ್ಲ, ಸಹಿ ಹಾಕೋರಿಗೆ ಓದೋಕೆ ಬರಲ್ಲ. ಬಾಡಿಗೆ ಕರಾರು ಕನ್ನಡದಲ್ಲಿ ಇರಬೇಕು ಅನ್ನೋದು ಬರೀ ಭಾಷಾಭಿಮಾನದ ಮಾತಲ್ಲ. ಅದು ಹೊಟ್ಟೆಪಾಡಿನ ಮಾತು.

ಇನ್ನು ದಾರಿಯ ನಿಯಮಗಳು. ಬಂಡೀಪುರದ ಎರಡೂ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧ ಇದೆ. ಬಾಡಿಗೆ ಕಾರನ್ನು ರಾತ್ರಿಯೊಳಗೆ ವಾಪಸ್ ಕೊಡಬೇಕು ಅಂತ ಇದ್ದರೆ ಏನಾಗುತ್ತೆ ಯೋಚಿಸಿ. ಎಂಟೂವರೆಗೆ ಗೇಟ್ ಹಿಡಿಯೋಕೆ ಕಾಡಿನ ರಸ್ತೆಯಲ್ಲಿ ಓಡಿಸ್ತೀವಿ. ಆ ಹೊತ್ತಿಗೆ ಜಿಂಕೆ, ಆನೆ ರಸ್ತೆ ದಾಟ್ತವೆ. ಒಂದು ದಿನ ಜಾಸ್ತಿ ಬಾಡಿಗೆ ಕೊಟ್ಟು ಸುಲ್ತಾನ್ ಬತ್ತೇರಿಯಲ್ಲೇ ಉಳಿಯೋದು ಲಾಭ. ನೀಲಗಿರಿಗೆ 2024ರ ಮೇ 7ರಿಂದ ಇ-ಪಾಸ್ ಬಂದಿದೆ. 2025ರ ಏಪ್ರಿಲ್‌ನಿಂದ ಸೀಸನ್‌ಗೆ ದಿನಕ್ಕೆ 6,000, ವಾರಾಂತ್ಯಕ್ಕೆ 8,000 ಗಾಡಿ ಅಂತ ಮದ್ರಾಸ್ ಹೈಕೋರ್ಟ್ ಮಿತಿ ಹಾಕಿತು. ಪಾಸ್ ಮಾಡಿಸೋದು ಗಾಡಿ ನಂಬರಿನ ಮೇಲೆ. ಕೊನೇ ಗಳಿಗೆಯಲ್ಲಿ "ಆ ಕಾರು ಇಲ್ಲ, ಇದನ್ನ ತಗೊಂಡು ಹೋಗಿ" ಅಂತ ಬಾಡಿಗೆಯವರು ಬೇರೆ ಕಾರು ಕೊಟ್ಟರೆ ಪಾಸನ್ನೂ ಹೊಸದಾಗಿ ಮಾಡಿಸಬೇಕು.

ಕೆಲವರು ಹೇಳ್ತಾರೆ: "ಇಷ್ಟೆಲ್ಲ ನೋಡ್ತಾ ಕೂತರೆ ಟ್ರಿಪ್ಪೇ ಆಗಲ್ಲ." ಆಗುತ್ತೆ. ಕಪ್ಪು ಬೋರ್ಡ್ ಕಾರು ಮೈಸೂರಿನಲ್ಲಿ ಸಿಗುತ್ತೆ, ಐದು ಜನ ಹಂಚಿಕೊಂಡರೆ ತಲೆಗೆ ಬೀಳೋ ಹೆಚ್ಚುವರಿ ದುಡ್ಡು ಎರಡು ಸಿನಿಮಾ ಟಿಕೆಟ್ಟಿನಷ್ಟು. ಅದೂ ಆಗಲ್ಲ ಅಂದರೆ ಡ್ರೈವರ್ ಸಮೇತ ಹಳದಿ ಬೋರ್ಡ್ ಟ್ಯಾಕ್ಸಿ, ಅದಕ್ಕೂ ಅಖಿಲ ಭಾರತ ಪರ್ಮಿಟ್ ಇದೆಯಾ ಅಂತ ಕೇಳಿ. ಅದೂ ಬೇಡ ಅಂದರೆ ಊಟಿಗೂ ಬತ್ತೇರಿಗೂ ನಂಜನಗೂಡಿನ ಮೇಲೇ ಸರ್ಕಾರಿ ಬಸ್ಸು ಹೋಗುತ್ತೆ, ಅದಕ್ಕೆ ಇ-ಪಾಸೂ ಬೇಡ. ಕಿಟಕಿ ಪಕ್ಕ ಕೂತರೆ ಬಂಡೀಪುರ ಕಾರಿಗಿಂತ ಚೆನ್ನಾಗಿ ಕಾಣುತ್ತೆ.

ನಮ್ಮ ಸಂಘಕ್ಕೆ ಒಂದು ಸಲಹೆ ಇದೆ. ಬೋರ್ಡ್ ಬಣ್ಣ, ಪರ್ಮಿಟ್, ವಿಮೆ, ಕಾಡಿನ ಸಮಯ, ಇ-ಪಾಸ್, ಇಷ್ಟನ್ನು ಒಂದೇ ಪುಟದಲ್ಲಿ ಕನ್ನಡದಲ್ಲಿ ಬರೆದು ಹಾಸ್ಟೆಲ್ ನೋಟಿಸ್ ಬೋರ್ಡಿಗೆ ಹಾಕೋಣ. ಅದರ ಒಂದು ಪ್ರತಿ ನಮ್ಮೂರಲ್ಲಿ ಕಾರು ಕೊಡೋ ಅಣ್ಣಂದಿರಿಗೂ ಕೊಡೋಣ. ಅವರಿಗೆ ಗೊತ್ತಾದರೆ ಬೇರೆ ರಾಜ್ಯ ಅಂದ ಕೂಡಲೇ ಅವರೇ ಬೇಡ ಅಂತಾರೆ. ಐವತ್ತು ಕಾರಿನ ನಿಯಮ ಬದಲಾಗಲಿ ಅಂತ ಸಾರಿಗೆ ಇಲಾಖೆಗೆ ಒಂದು ಮನವಿಯನ್ನೂ ಬರೆಯಬಹುದು, ಅವರ ಸಹಿ, ನಮ್ಮ ಸಹಿ ಎರಡೂ ಇರಲಿ. ಅದು ಆಗೋವರೆಗೆ ಗ್ರೂಪಿನಲ್ಲಿ "ಕಾರು ಯಾರದು?" ಅನ್ನೋ ಮೆಸೇಜು ಬಂದಾಗ ಅದರ ಕೆಳಗೆ ಇನ್ನೊಂದು ಮೆಸೇಜು ಹಾಕಿ: "ಬೋರ್ಡ್ ಯಾವ ಬಣ್ಣ?"