ಲಾಗಿನ್ ಪುಟದಲ್ಲೊಂದು ತೂತು

ಡಿಬಿಎಂಎಸ್ ಮಿನಿ ಪ್ರಾಜೆಕ್ಟ್ ಅಂದ್ರೆ ನಮ್ಮಲ್ಲಿ ಸುಮಾರು ಜನ ಮಾಡೋದು 'ಆನ್‌ಲೈನ್ ಪರೀಕ್ಷೆ', ಅದೂ ನೆಟ್‌ನಿಂದ ಇಳಿಸಿಕೊಂಡ ಪಿಎಚ್‌ಪಿ ಕೋಡು. ಇಂಥ ಉಚಿತ ಕೋಡುಗಳ ಎಸ್‌ಕ್ಯೂಎಲ್ ಇಂಜೆಕ್ಷನ್ ದೋಷಗಳು ಸಿವಿಇ ಪಟ್ಟಿಯಲ್ಲಿ ಸಾಲುಗಟ್ಟಿ ನಿಂತಿವೆ ಅನ್ನೋದು ಎಷ್ಟು ಜನಕ್ಕೆ ಗೊತ್ತು?

ತಪ್ಪು ತೀರಾ ಸಣ್ಣದು. ಬಳಕೆದಾರ ಟೈಪ್ ಮಾಡಿದ್ದನ್ನ ಹಾಗೇ ಕ್ವೆರಿಗೆ ಅಂಟಿಸ್ತೀವಿ. ಯುಎಸ್‌ಎನ್ ಜಾಗದಲ್ಲಿ ಯಾರೋ ಒಂದು ಸಿಂಗಲ್ ಕೋಟ್ ಹಾಕಿ, 'ಆರ್ 1=1' ಅಂತ ಬರೆದು, ಮುಂದಿನದನ್ನು ಕಾಮೆಂಟ್ ಮಾಡಿದರೆ ಷರತ್ತು ಯಾವಾಗಲೂ ನಿಜ; ಪಾಸ್‌ವರ್ಡ್ ಯಾರೂ ಕೇಳಲ್ಲ. ಟೇಬಲ್ಲಿನ ಮೊದಲ ಸಾಲು ಅಡ್ಮಿನ್‌ದಾಗಿದ್ರೆ ಪ್ರಶ್ನೆಪತ್ರಿಕೆ, ಅಂಕ ಎರಡೂ ಅವನ ಕೈಲಿ. ರಾತ್ರಿಯೆಲ್ಲ ಓದಿದವರ ಗತಿ?

1998ರಲ್ಲೇ ಫ್ರ್ಯಾಕ್ ಪತ್ರಿಕೆಯಲ್ಲಿ ಇದರ ವಿವರಣೆ ಬಂದಿತ್ತು. ಮದ್ದೂ ಹಳೇದೇ: ಪ್ರಿಪೇರ್ಡ್ ಸ್ಟೇಟ್‌ಮೆಂಟ್. ಕ್ವೆರಿ ಮೊದಲು, ಮೌಲ್ಯ ಬೇರೆಯಾಗಿ ಆಮೇಲೆ. ಆಗ ಕೋಟ್ ಬರೀ ಅಕ್ಷರ, ಆಜ್ಞೆ ಅಲ್ಲ. ನಾಲ್ಕು ಸಾಲಿನ ಕೆಲಸ. ಆದ್ರೂ ಮಾಡಲ್ಲ, ಯಾಕಂದ್ರೆ ವೈವಾದಲ್ಲಿ ಕೇಳೋದು ಇಆರ್ ಡಯಾಗ್ರಾಮ್, ನಾರ್ಮಲೈಸೇಷನ್ ಅಷ್ಟೆ.

ಪರೀಕ್ಷಕರು ಇನ್ನು ಮುಂದೆ ಲಾಗಿನ್ ಪುಟದಲ್ಲಿ ಒಂದು ಕೋಟ್ ಒತ್ತಿ ನೋಡಲಿ ಅಂತೀನಿ ನಾನು. ಅದಕ್ಕೂ ಮುಂಚೆ ನಾವೇ ಒತ್ತೋಣ. ನಮ್ಮ ಪ್ರಾಜೆಕ್ಟಿನಲ್ಲಿ ಮಾತ್ರ. ಕೇಳದೆ ಬೇರೆಯವರ ಬಾಗಿಲು ತಳ್ಳೋದು ಐಟಿ ಕಾಯ್ದೆಯಡಿ ಅಪರಾಧ.