ಫಟಫಟಿಯ ಬುದ್ಧಿಯನ್ನು ತಿದ್ದಬೇಕೆ?

ನಮ್ಮ ಪುಣೆ ಪಟ್ಟಣವು ವಿದ್ಯೆಗೆ ಹೇಗೋ ಹಾಗೆಯೇ ದ್ವಿಚಕ್ರ ವಾಹನಗಳಿಗೂ ಹೆಸರಾದುದು. ಬೆಳಗಿನ ಹೊತ್ತು ಕರ್ವೆ ರಸ್ತೆಯ ಅಂಚಿನಲ್ಲಿ ಹತ್ತು ನಿಮಿಷ ನಿಂತವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಕುರ್ಡಿ, ಚಾಕಣಗಳ ಮೋಟಾರು ಕಾರಖಾನೆಗಳ ಹೆಸರನ್ನು ಕೇಳದ ಮನೆ ನಮ್ಮಲ್ಲಿ ಇರಲಾರದು. ಆದುದರಿಂದ ಮೋಟಾರ್ ಸೈಕಲ್ಲಿನ ವಿಷಯವು ಶಾಲೆಯ ವಾರ್ಷಿಕ ಸಂಚಿಕೆಗೆ ತಕ್ಕುದಲ್ಲವೆಂದು ಯಾರೂ ಹುಬ್ಬುಗಂಟಿಕ್ಕಲಾರರೆಂದು ನಂಬಿದ್ದೇನೆ.

ಕಳೆದ ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಶಾಲೆಯ ಬಾಗಿಲಿಗೆ ತನ್ನ ಫಟಫಟಿಯ ಮೇಲೆ ಬಂದನು. ಮುಖದಲ್ಲಿ ಪರೀಕ್ಷೆ ಗೆದ್ದವನ ಕಳೆ. "ಸರ್, ಗಾಡೀದು ಬುದ್ಧೀನ ಬದಲ ಮಾಡಿಸೇನ್ರಿ. ಮೊದಲು ಸಣ್ಣ ವೇಗದಾಗ ಜಗ್ಗತಿತ್ತು. ಈಗ ನೋಡ್ರಿ, ಬೆಣ್ಣಿಹಂಗ ಹೋಗತೈತಿ!" ಎಂದನು. ಎರಡು ತಿಂಗಳ ಉಳಿತಾಯವನ್ನು ಆತನು ಅದಕ್ಕಾಗಿ ತೆತ್ತಿದ್ದನು. ಮುಂದಿನ ರವಿವಾರ ನನ್ನನ್ನು ಹಿಂದೆ ಕೂಡಿಸಿಕೊಂಡು ಕಾತ್ರಜ ಘಾಟಿನ ವರೆಗೆ ಕರೆದೊಯ್ದನು. ಸುಳ್ಳು ಹೇಳಲಾರೆ, ಸವಾರಿ ನಯವಾಗಿಯೇ ಇತ್ತು. ಆದರೆ ಆ ನಯವು ನಿಜವಾಗಿಯೂ ಬದಲಾದ ಬುದ್ಧಿಯಿಂದಲೇ ಬಂದಿತೆ? ಬಂದಿದ್ದರೆ ಅದರ ಬೆಲೆಯನ್ನು ಯಾರು ತೆತ್ತರು? ಈ ಎರಡು ಪ್ರಶ್ನೆಗಳನ್ನು ನಿಮ್ಮೆದುರಿಗೆ ಇಡಬೇಕೆಂಬುದೇ ಈ ಲೇಖನದ ಉದ್ದೇಶ.

ಮೊದಲು ಈ 'ಬುದ್ಧಿ' ಎಂದರೇನೆಂಬುದನ್ನು ತಿಳಿಯೋಣ. ಹಿಂದಿನ ಗಾಡಿಗಳಲ್ಲಿ ಕಾರ್ಬುರೇಟರ್ ಎಂಬ ಸಾಧನವಿರುತ್ತಿತ್ತು. 1960ರ ದಶಕದ ಆರಂಭದಿಂದ 1996ರ ವರೆಗೆ ಮೈಸೂರಿನ ಕಾರಖಾನೆಯಲ್ಲಿ ತಯಾರಾದ ಜಾವಾ, ಯೆಜ್ಡಿ ಗಾಡಿಗಳಿಗೆ ಅದೇ ಆಧಾರ. ಒಳಸೇರುವ ಗಾಳಿಯ ಸೆಳೆತದಿಂದಲೇ ಪೆಟ್ರೋಲು ಮೇಲೇರಿ, ಸೂಜಿಕಣ್ಣಿನಂಥ ಜೆಟ್ಟಿನ ಮೂಲಕ ಗಾಳಿಯೊಡನೆ ಬೆರೆಯುತ್ತಿತ್ತು. ಧಾರವಾಡದ ನಮ್ಮ ದೊಡ್ಡಪ್ಪನವರ ಯೆಜ್ಡಿಗೆ ಊರಿನ ಮಿಸ್ತ್ರಿಯು ಜೆಟ್ಟನ್ನು ಬದಲಿಸಿ, ಕಿವಿಗೊಟ್ಟು ಕೇಳಿ, ಮತ್ತೆ ಬದಲಿಸುತ್ತಿದ್ದುದು ನನಗೆ ಇನ್ನೂ ನೆನಪಿದೆ. ಯಂತ್ರದ ಬುದ್ಧಿಯನ್ನು ತಿದ್ದುವ ಆಸೆ ಹೊಸದಲ್ಲವೆಂದ ಹಾಗಾಯಿತು.

ಇಂದಿನ ಗಾಡಿಯಲ್ಲಿ ಆ ಕೆಲಸವನ್ನು ಇ.ಸಿ.ಯು. ಎಂಬ ಅಂಗೈಯಗಲದ ಗಣಕವು ಮಾಡುತ್ತದೆ. ಅದರೊಳಗೆ ನಾವು ಬಾಯಿಪಾಠ ಮಾಡುವ ಮಗ್ಗಿಯಂತಹ ಕೋಷ್ಟಕಗಳಿವೆ. ಒಂದು ಬದಿಗೆ ಎಂಜಿನಿನ ಸುತ್ತುಗಳು, ಇನ್ನೊಂದು ಬದಿಗೆ ಸವಾರನು ತಿರುವಿದ ಎಕ್ಸಲೇಟರಿನ ಪ್ರಮಾಣ. ಅವೆರಡೂ ಕೂಡುವ ಮನೆಯಲ್ಲಿ ಒಂದು ಅಂಕಿ. ಪೆಟ್ರೋಲಿನ ಚಿಲುಮೆ ಎಷ್ಟು ಹೊತ್ತು ತೆರೆದಿರಬೇಕು, ಕಿಡಿ ಯಾವಾಗ ಹಾರಬೇಕು ಎಂಬುದನ್ನು ಆ ಅಂಕಿ ಹೇಳುತ್ತದೆ. ಎಂಜಿನು ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಒಂದು ಸುತ್ತಿಗೆ ಸೆಕೆಂಡಿನ ನೂರರಲ್ಲೊಂದು ಪಾಲು ಮಾತ್ರ ಸಿಕ್ಕುವುದು. ಸುತ್ತಿನ ಒಂದು ಅಂಶಕ್ಕೆ ಸೆಕೆಂಡಿನ 36,000ರಲ್ಲೊಂದು ಪಾಲು. ಇಷ್ಟು ಚುರುಕಿನ ಲೆಕ್ಕವನ್ನು ಯಾವ ಮಿಸ್ತ್ರಿಯ ಕಿವಿ ತಾನೆ ಮಾಡೀತು! ಈ ಕೋಷ್ಟಕಗಳಿಗೆ 'ಮ್ಯಾಪ್' ಎಂದು ಹೆಸರು. ಅವುಗಳನ್ನು ತಿದ್ದಿ ಬರೆಯುವುದೇ 'ರೀಮ್ಯಾಪಿಂಗ್'. ಮೂಲ ಗಣಕವನ್ನು ಮುಟ್ಟದೆ, ಅದಕ್ಕೂ ಎಂಜಿನಿಗೂ ನಡುವೆ ಇನ್ನೊಂದು ಪೆಟ್ಟಿಗೆಯನ್ನಿಟ್ಟು ಸಂಕೇತಗಳನ್ನು ತಿದ್ದುವ ಪದ್ಧತಿಯೂ ಉಂಟು. ಬೆಂಗಳೂರಿನ ರೇಸ್ ಡೈನಮಿಕ್ಸ್ ಸಂಸ್ಥೆಯ 'ಪವರ್‌ಟ್ರಾನಿಕ್' ಅಂಥದೊಂದು ಪೆಟ್ಟಿಗೆ.

ಹಾಗಾದರೆ ತಿದ್ದುವುದರಿಂದ ಲಾಭವೇ ಇಲ್ಲವೆ? ಇದೆ, ನ್ಯಾಯವಾಗಿ ಒಪ್ಪಿಕೊಳ್ಳಬೇಕು. ಒಂದು ಪಾಲು ಪೆಟ್ರೋಲು ಪೂರ್ತಿಯಾಗಿ ಉರಿಯುವುದಕ್ಕೆ ತೂಕದಲ್ಲಿ 14.7 ಪಾಲು ಗಾಳಿ ಬೇಕು. ಎಂಜಿನು ಹೆಚ್ಚಿನ ಬಲ ಕೊಡುವುದಾದರೋ ಗಾಳಿಯ ಪಾಲು 13ರ ಆಸುಪಾಸಿಗೆ ಇಳಿದಾಗ. ಹೊಗೆಯ ನಿಯಮಗಳಿಗೆ ತಲೆಬಾಗಿ ಕಾರಖಾನೆಯವರು ಬಹುಮಟ್ಟಿಗೆ ಮೊದಲಿನ ಅಂಕಿಯ ಹತ್ತಿರವೇ ನಡೆಯಬೇಕಾಗುತ್ತದೆ. ಎಕ್ಸಲೇಟರನ್ನು ಬಿಟ್ಟೊಡನೆ ಪೆಟ್ರೋಲು ನಿಂತು, ಮತ್ತೆ ತಿರುವಿದೊಡನೆ ಬಂದಾಗ ಕೆಲವು ಗಾಡಿಗಳು ಮುಗ್ಗರಿಸಿದಂತೆ ಜಗ್ಗುತ್ತವೆ. ಅಂಥಲ್ಲಿ ಬಲ್ಲವನೊಬ್ಬನು ಅಳತೆಯ ಯಂತ್ರದ ಮೇಲೆ ಗಾಡಿಯನ್ನಿಟ್ಟು ಅಂಕಿಗಳನ್ನು ತಿದ್ದಿದರೆ ಸವಾರಿ ನಯವಾಗುವುದು ನಿಶ್ಚಯ.

ಆದರೆ ಬಲದ ವಿಷಯದಲ್ಲಿ ಜಾಹೀರಾತುಗಳು ಆಡುವ ದೊಡ್ಡ ಮಾತುಗಳನ್ನು ಅಳೆದು ನೋಡಬೇಕು. ಟರ್ಬೊ ಇರುವ ಕಾರುಗಳಲ್ಲಿ ಗಾಳಿಯ ಒತ್ತಡವನ್ನೇ ಹೆಚ್ಚಿಸಿ ಹೆಚ್ಚು ಬಲವನ್ನು ಪಡೆಯಬಹುದು. ನಮ್ಮ ಸಾಮಾನ್ಯ ಮೋಟಾರ್ ಸೈಕಲ್ಲು ತಾನೇ ಉಸಿರೆಳೆದುಕೊಳ್ಳುವ ಯಂತ್ರ. ಅದರ ಎದೆ ಎಷ್ಟು ಅಗಲವೋ ಅಷ್ಟೇ ಗಾಳಿ. ಅಂಕಿಯನ್ನು ತಿದ್ದಿದ ಮಾತ್ರಕ್ಕೆ ಎದೆ ಅಗಲವಾಗದು. ಕೆಲವು ಗಾಡಿಗಳಲ್ಲಿ ಎಕ್ಸಲೇಟರಿನ ಮಾತು ತಂತಿಯ ಮೂಲಕ ಗಣಕಕ್ಕೆ ಹೋಗುತ್ತದೆ. ಅಲ್ಲಿ ಸ್ವಲ್ಪ ತಿರುವಿದರೂ ಬಾಗಿಲು ಬಹಳ ತೆರೆಯುವಂತೆ ಮಾಡುವುದು ಸುಲಭ. ಸವಾರನಿಗೆ ಗಾಡಿ ಬಲಿತಂತೆ ತೋರುವುದು. ಪೂರ್ತಿ ತಿರುವಿದಾಗಿನ ಬಲವು ಮೊದಲಿನಷ್ಟೇ. ಇನ್ನು ಸುತ್ತುಗಳ ಮಿತಿಯನ್ನು 10,000ದಿಂದ 10,500ಕ್ಕೆ ಏರಿಸಿದರೆ ಏರಿಕೆ ನೂರಕ್ಕೆ 5. ಆದರೆ ಪಿಸ್ಟನ್ನಿನ ಎಳೆದಾಟದ ಬಲವು ವೇಗದ ವರ್ಗದಂತೆ ಬೆಳೆಯುವುದರಿಂದ ಅದು ನೂರಕ್ಕೆ 10ರಷ್ಟು ಏರುತ್ತದೆ. ಗಣಿತವನ್ನು ಕಲಿತವರು ಇದನ್ನು ಮರೆಯಬಾರದು.

ನನ್ನ ವಿದ್ಯಾರ್ಥಿಯ ಕಥೆಗೆ ಮರಳೋಣ. ಘಾಟಿನ ಮೇಲೆ ಚಹಾ ಕುಡಿಯುವಾಗ ನಾನು ಕೇಳಿದೆ: "ಅಂದು ಗಾಡಿಗೆ ಮತ್ತೇನೇನು ಮಾಡಿಸಿದೆ?" "ಚೈನ್ ಬಾಳ ಸಡಲಾಗಿತ್ರಿ, ಬಿಗಿ ಮಾಡಿದ್ರು. ಏರ್ ಫಿಲ್ಟರ್ ಹೊಸಾದು ಹಾಕಿದ್ರು. ಟಾಯರಿಗೆ ಹವಾ ತುಂಬಿದ್ರು." "ಹಾಗಾದರೆ ಜಗ್ಗಾಟ ನಿಂತದ್ದು ಯಾವುದರಿಂದ?" ಆತನು ನಕ್ಕು ಸುಮ್ಮನಾದನು. ಪ್ರಯೋಗಶಾಲೆಯಲ್ಲಿ ನಾವು ಹೇಳುವ ಮೊದಲ ಪಾಠವೇ ಇದು: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ನಾಲ್ಕನ್ನು ಬದಲಿಸಿ ಒಂದಕ್ಕೆ ಕೀರ್ತಿ ಕೊಡುವುದು ವಿಜ್ಞಾನವಲ್ಲ. ಸಡಿಲಾದ ಚೈನು, ಧೂಳು ತುಂಬಿದ ಫಿಲ್ಟರು, ಸವೆದ ಪ್ಲಗ್ಗು ಇವೆಲ್ಲ ಗಾಡಿಯನ್ನು ಜಗ್ಗಿಸಬಲ್ಲವು. ಅವುಗಳನ್ನು ನೋಡದೆ ಗಣಕವನ್ನು ದೂರುವುದೆಂದರೆ ಕುಣಿಯಲಾರದವಳು ನೆಲ ಡೊಂಕೆಂದ ಹಾಗೆ.

ಇನ್ನು ಬೆಲೆಯ ಮಾತು. 2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಭಾರತ್ ಸ್ಟೇಜ್ 6 ಎಂಬ ಹೊಗೆಯ ನಿಯಮ ಜಾರಿಗೆ ಬಂದಿತು. ಅದರಂತೆ ಮೋಟಾರ್ ಸೈಕಲ್ಲು ಒಂದು ಕಿಲೋಮೀಟರು ಓಡಿದಾಗ ಹೊರಬಿಡುವ ಇಂಗಾಲದ ಮಾನಾಕ್ಸೈಡು 1 ಗ್ರಾಮನ್ನೂ, ಸಾರಜನಕದ ಆಕ್ಸೈಡುಗಳು 60 ಮಿಲಿಗ್ರಾಮನ್ನೂ ಮೀರಬಾರದು. ಇದನ್ನು ಸಾಧಿಸುವುದಕ್ಕಾಗಿ ಹೊಗೆಕೊಳವೆಯಲ್ಲಿ ಒಂದು ಆಮ್ಲಜನಕ ಸಂವೇದಕವನ್ನೂ, ವಿಷವಾಯುಗಳನ್ನು ಸೌಮ್ಯಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನೂ ಇಟ್ಟಿರುತ್ತಾರೆ. ಸಂವೇದಕವು ಹೊಗೆಯ ರುಚಿ ನೋಡಿ ಗಣಕಕ್ಕೆ ತಿಳಿಸುತ್ತದೆ. ಗಣಕವು ಪೆಟ್ರೋಲನ್ನು ಸರಿಪಡಿಸಿಕೊಳ್ಳುತ್ತದೆ. ಕನ್ವರ್ಟರು ತನ್ನ ಕೆಲಸವನ್ನು ಚೆನ್ನಾಗಿ ಮಾಡುವುದು 14.7ರ ತೀರ ಸಮೀಪದಲ್ಲಿ ಮಾತ್ರ. ಬಲದ ಆಸೆಗೆ ಪೆಟ್ರೋಲನ್ನು ಹೆಚ್ಚಿಸಿ, ಸಂವೇದಕದ ಮಾತನ್ನು ಗಣಕವು ಕೇಳದಂತೆ ಮಾಡಿದರೆ, ಅರೆಬೆಂದ ಇಂಧನವೂ ಮಾನಾಕ್ಸೈಡೂ ಬೀದಿಗೆ ಬರುತ್ತವೆ. ಮೇಲಾಗಿ 2025ರಲ್ಲಿ ನಮ್ಮ ಪೆಟ್ರೋಲಿಗೆ ನೂರಕ್ಕೆ 20 ಪಾಲು ಎಥನಾಲ್ ಬೆರೆಸುವ ಗುರಿಯನ್ನು ದೇಶ ಮುಟ್ಟಿತು. ಎಥನಾಲಿನಲ್ಲಿ ಆಮ್ಲಜನಕವು ಮೊದಲೇ ಇರುವುದರಿಂದ ಗಾಳಿಯ ಲೆಕ್ಕವೇ ಬದಲಾಗುತ್ತದೆ. ನಾಲಿಗೆಯುಳ್ಳ ಗಾಡಿ ಅದನ್ನು ಅರಿತು ತನ್ನ ಮಿತಿಯೊಳಗೆ ಹೊಂದಿಕೊಳ್ಳುತ್ತದೆ. ನಾಲಿಗೆ ಕತ್ತರಿಸಿದ ಗಾಡಿಗೆ ಆ ಅರಿವೆಲ್ಲಿಂದ ಬರಬೇಕು?

ನಮ್ಮ ಕೋಥರೂಡಿನ ಬಳಿಯ ವೇತಾಳ ಗುಡ್ಡದ ಮೇಲೆ 1966ರಲ್ಲಿ ಸ್ಥಾಪಿತವಾದ ಎ.ಆರ್.ಎ.ಐ. ಎಂಬ ವಾಹನ ಸಂಶೋಧನ ಸಂಸ್ಥೆಯಿದೆ. ಹೊಸ ಮಾದರಿಯ ವಾಹನಗಳನ್ನು ಮಾರಾಟಕ್ಕೆ ಮೊದಲು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಸಂಸ್ಥೆಗಳಲ್ಲಿ ಅದೂ ಒಂದು. ಅಂಥ ಪರೀಕ್ಷೆಯಲ್ಲಿ ತೇರ್ಗಡೆಯಾದುದು ಕಾರಖಾನೆಯವರು ಬರೆದ ಮ್ಯಾಪೇ ಹೊರತು ಪೇಟೆಯ ಅಂಗಡಿಯಲ್ಲಿ ತಿದ್ದಿದ ಮ್ಯಾಪಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯು, ಅನುಮತಿಯಿಲ್ಲದ ರೀತಿಯಲ್ಲಿ ತನ್ನ ವಾಹನವನ್ನು ಮಾರ್ಪಡಿಸಿದ ಮಾಲಿಕನಿಗೆ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೆ 6 ತಿಂಗಳ ವರೆಗಿನ ಸೆರೆ, ಇಲ್ಲವೆ ಎರಡನ್ನೂ ವಿಧಿಸಬಹುದೆಂದು ಹೇಳುತ್ತದೆ. ಆದರೆ ದಂಡದ ಹೆದರಿಕೆಗಿಂತ ದೊಡ್ಡದಾದ ಕಾರಣವೊಂದನ್ನು ಕಣ್ಣಾರೆ ಕಂಡುದನ್ನು ಹೇಳಿ ಮುಗಿಸುವೆನು.

ದೀಪಾವಳಿಯ ಸೂಟಿ ಕಳೆದು ಶಾಲೆ ತೆರೆದ ದಿನ ಆ ಹುಡುಗನು ಮತ್ತೆ ಬಂದಿದ್ದನು. ಎಂಜಿನನ್ನು ನಿಲ್ಲಿಸದೆಯೇ ಬಾಗಿಲಲ್ಲಿ ನನ್ನೊಡನೆ ಮಾತನಾಡುತ್ತಿದ್ದನು. ಹೊಗೆಕೊಳವೆಯ ಬಾಯಿ ಕಾಡಿಗೆಯಂತೆ ಕಪ್ಪಾಗಿತ್ತು. ನಾಲ್ಕನೆಯ ಇಯತ್ತೆಯ ಪುಟ್ಟ ಹುಡುಗಿಯೊಬ್ಬಳು ಗಾಡಿಯ ಹಿಂಬದಿಯಿಂದ ಒಳಗೆ ಬರುವಾಗ ಎರಡು ಸಲ ಕೆಮ್ಮಿ, ಕೈವಸ್ತ್ರದಿಂದ ಮೂಗು ಮುಚ್ಚಿಕೊಂಡು ಓಡಿದಳು. ಯಾರೂ ಏನೂ ಅನ್ನಲಿಲ್ಲ. ಆತನೇ ಅದನ್ನು ನೋಡಿ ಕೀಲಿಯನ್ನು ತಿರುವಿ ಎಂಜಿನನ್ನು ನಿಲ್ಲಿಸಿದನು. ಒಂದು ವಾರದ ಮೇಲೆ, ಜೋಪಾನವಾಗಿ ಇರಿಸಿದ್ದ ಮೂಲ ಮ್ಯಾಪನ್ನೇ ಮತ್ತೆ ಬರೆಸಿದನಂತೆ. ಈ ಸಲ ಬೇರೆ ಯಾವುದನ್ನೂ ಮುಟ್ಟಲಿಲ್ಲ. ಬಿಗಿಯಾದ ಚೈನು, ಶುಚಿಯಾದ ಫಿಲ್ಟರು ಹಾಗೆಯೇ ಇದ್ದವು. "ಸರ್, ಜಗ್ಗೂದು ಬಾಳ ಮಟ್ಟಿಗೆ ಬಂದs ಇಲ್ರಿ. ಗರ್ದಿಯೊಳಗ ಅಷ್ಟ ಒಂದೀಟು" ಎಂದು ಪ್ರಾಮಾಣಿಕವಾಗಿ ಹೇಳಿದನು. ಆ 'ಒಂದೀಟು' ಏನಿದೆಯೋ ಅದೇ ರೀಮ್ಯಾಪಿಂಗಿನ ನಿಜವಾದ ಗಳಿಕೆ. ಉಳಿದುದೆಲ್ಲ ಚೈನಿನ ಪುಣ್ಯ.

ಆದುದರಿಂದ ನನ್ನ ಅಭಿಪ್ರಾಯವಿಷ್ಟು. ಪಂದ್ಯದ ಅಂಗಣದಲ್ಲಿ ಓಡುವ ಗಾಡಿಗೆ ಮ್ಯಾಪನ್ನು ತಿದ್ದುವುದು ಒಂದು ವಿದ್ಯೆ. ಅದನ್ನು ಕಲಿಯುವವರು ಕಲಿಯಲಿ. ಕಾರಖಾನೆಯವರೇ ದೋಷವನ್ನು ಕಂಡು ಹೊಸ ಮ್ಯಾಪನ್ನು ಕೊಟ್ಟರೆ ಸಂತೋಷದಿಂದ ಹಾಕಿಸಿಕೊಳ್ಳಬೇಕು. ಎಲ್ಲರೂ ಓಡಾಡುವ ರಸ್ತೆಯಲ್ಲಿ ಮಾತ್ರ ಸವಾರಿಯ ಸುಖವನ್ನು ಸವಾರನೊಬ್ಬನ ಅಳತೆಗೋಲಿನಿಂದ ಅಳೆಯಲಾಗದು. ಅಲ್ಲಿ ಹಿಂದೆ ಬರುವ ಸೈಕಲ್ಲಿನವನೂ, ಬದಿಯಲ್ಲಿ ನಡೆಯುವ ಮಗುವೂ ಆ ಗಾಡಿಯ ಪಾಲುಗಾರರೇ. ಬಾಲಮಿತ್ರರೇ, ಇನ್ನು ಕೆಲವು ವರ್ಷಗಳಲ್ಲಿ ನೀವೂ ಪರವಾನಗಿ ಪಡೆದು ಫಟಫಟಿಯನ್ನು ಏರುವಿರಿ. ಗಾಡಿ ಜಗ್ಗಿದರೆ ಮೊದಲು ಚೈನನ್ನು ನೋಡಿರಿ, ಹವೆಯನ್ನು ನೋಡಿರಿ, ಫಿಲ್ಟರನ್ನು ನೋಡಿರಿ. ಆಮೇಲೆ ಒಮ್ಮೆ ಹಿಂದಿರುಗಿ, ನಿಮ್ಮ ಹೊಗೆಯ ಹಿಂದೆ ಯಾರು ನಿಂತಿರುವರೆಂಬುದನ್ನೂ ನೋಡಿರಿ.