ಎಸಿ ತೆರೆಯುವ ಮುನ್ನ: ಫಿಲ್ಟರ್ ನಿಮ್ಮದು, ಸ್ಕ್ರೂ ಮೆಕ್ಯಾನಿಕ್‌ನದು



ಸೆಕೆ ಶುರುವಾಯಿತೆಂದರೆ ದಾದರ್, ಮಾಟುಂಗಾ ಕಡೆಯ ಮನೆಗಳಲ್ಲಿ ಎಸಿ ಸರ್ವಿಸ್‌ನ ಗಡಿಬಿಡಿ. ಮೆಕ್ಯಾನಿಕ್ ಎರಡು ದಿನ ತಡ ಮಾಡಿದರೆ ಸಾಕು, ಮನೆಯ ಯಜಮಾನರೇ ಮೊಬೈಲಿನಲ್ಲಿ ವೀಡಿಯೊ ಹಾಕಿಕೊಂಡು, ಸ್ಕ್ರೂಡ್ರೈವರ್ ಹಿಡಿದು ಸ್ಟೂಲ್ ಹತ್ತುತ್ತಾರೆ. ಹೃದಯದ ಡಾಕ್ಟರಿಗೆ ಎಸಿಯ ಉಸಾಬರಿ ಏಕೆ ಎನ್ನಬೇಡಿ. ಮನೆಯ ಕರೆಂಟ್ ಹೊಡೆದಾಗ ಜೀವ ತೆಗೆಯುವುದು ಹೆಚ್ಚಾಗಿ ಸುಟ್ಟ ಗಾಯವಲ್ಲ, ಹದಗೆಟ್ಟ ಹೃದಯದ ಬಡಿತ.

ಹೃದಯ ಬಡಿಯುವುದೇ ತನ್ನದೇ ಆದ ಸಣ್ಣ ವಿದ್ಯುತ್ತಿನಿಂದ. ಮನೆಯ 230 ವೋಲ್ಟ್ ಕರೆಂಟ್ ಒಂದು ಕೈಯಿಂದ ಇನ್ನೊಂದು ಕೈಗೆ ಎದೆಯ ಮೂಲಕ ಹಾದರೆ ಆ ತಾಳ ತಪ್ಪಬಹುದು. ಆಗ ಹೃದಯ ರಕ್ತ ತಳ್ಳದೆ ಬರೀ ಅದುರುತ್ತದೆ. ಇದಕ್ಕೆ 0.1 ಆಂಪಿಯರ್ ಸಾಕು. ಎಸಿಯ ಎಂಸಿಬಿ ಸಾಮಾನ್ಯವಾಗಿ 16 ಅಥವಾ 20 ಆಂಪಿಯರಿನದು. ಅಂದರೆ ಅದು ಕಾಯುವುದು ವೈರನ್ನು, ಮನುಷ್ಯನನ್ನಲ್ಲ. ನಮ್ಮನ್ನು ಕಾಯಲು ಇರುವುದು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ. ಹೊಸ ಎಸಿಗೆ ಮೂವತ್ತು, ನಲವತ್ತು ಸಾವಿರ ಕೊಡುವ ನಾವು, ಹಳೆ ಕಟ್ಟಡದ ಮನೆಯಲ್ಲಿ ಇದೊಂದನ್ನು ಹಾಕಿಸಲು, ಅರ್ಥಿಂಗ್ ನೋಡಿಸಲು ಹಿಂದೆಮುಂದೆ ನೋಡುವುದು ಸರಿಯಲ್ಲ.

*ಮನೆಯಲ್ಲಿ ಮಾಡಬಹುದಾದದ್ದು*
✅ ಮೊದಲು ಎಂಸಿಬಿ ಆಫ್ ಮಾಡಿ. ರಿಮೋಟ್ ಒತ್ತಿದರೆ ಎಸಿ ನಿಲ್ಲುತ್ತದೆ, ಒಳಗೆ ಕರೆಂಟ್ ಇದ್ದೇ ಇರುತ್ತದೆ.
✅ ಬೇರೆ ಯಾರೂ ಆನ್ ಮಾಡದಂತೆ ಮನೆಯವರಿಗೆಲ್ಲ ಹೇಳಿ.
✅ ಒಣ ಕೈ, ಕಾಲಿಗೆ ರಬ್ಬರ್ ಚಪ್ಪಲಿ, ಅಲುಗದ ಏಣಿ.
✅ ಮುಂದಿನ ಮುಚ್ಚಳ ಎತ್ತಿ ಫಿಲ್ಟರ್ ತೆಗೆದು ತೊಳೆಯಿರಿ. ಪೂರ್ತಿ ಒಣಗಿದ ಮೇಲೆಯೇ ಹಾಕಿ.

*ಮಾಡಬಾರದ್ದು*
❌ ಸ್ಕ್ರೂ ಬಿಚ್ಚಿ ಒಳಗೆ ಕೈ ಹಾಕುವುದು. ಒಳಗಿನ ಕೆಪಾಸಿಟರ್ ಕರೆಂಟ್ ಆಫ್ ಆದ ಮೇಲೂ ಚಾರ್ಜ್ ಹಿಡಿದಿಟ್ಟುಕೊಂಡಿರುತ್ತದೆ.
❌ ವೈರು, ಬೋರ್ಡಿನ ಮೇಲೆ ನೀರು ಸಿಂಪಡಿಸುವುದು.
❌ ಹೊರಗಿನ ಯೂನಿಟ್‌ಗಾಗಿ ಕಿಟಕಿಯಾಚೆ ವಾಲುವುದು. ನಮ್ಮ ಕಡಲ ಗಾಳಿಗೆ ಅದರ ಸ್ಟ್ಯಾಂಡ್ ತುಕ್ಕು ಹಿಡಿದಿರಬಹುದು.

"ನಾನು ಎಂಜಿನಿಯರ್, ನನಗೆ ಗೊತ್ತು" ಎನ್ನುವವರಿಗೂ ಇದೇ ಮಾತು. ಎದೆಯ ಮೂಲಕ ಹಾದುಹೋಗುವ ಕರೆಂಟ್ ಡಿಗ್ರಿ ಕೇಳುವುದಿಲ್ಲ. ಮೆಕ್ಯಾನಿಕ್ ಬಂದಾಗಲೂ ಎಂಸಿಬಿಯನ್ನು ನೀವೇ ಆಫ್ ಮಾಡಿ. ಅವನೂ ಊರು ಬಿಟ್ಟು ಹೊಟ್ಟೆಪಾಡಿಗೆ ಬಂದವನೇ, ಅವನಿಗಾಗಿಯೂ ಮನೆಯಲ್ಲಿ ಕಾಯುವವರಿದ್ದಾರೆ.

*ಯಾರಿಗಾದರೂ ಶಾಕ್ ಹೊಡೆದರೆ*
1. ಅವರನ್ನು ಮುಟ್ಟಬೇಡಿ. ಮೊದಲು ಮೇನ್ ಆಫ್ ಮಾಡಿ.
2. 108 ಅಥವಾ 112ಕ್ಕೆ ಕರೆ ಮಾಡಿ.
3. ಪ್ರಜ್ಞೆ ಇಲ್ಲ, ಉಸಿರಾಟ ಸರಿಯಿಲ್ಲ ಎಂದಾದರೆ ಎದೆಯ ನಡುವೆ ಎರಡೂ ಕೈ ಇಟ್ಟು, ಸುಮಾರು 5 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ಸಹಾಯ ಬರುವವರೆಗೆ ನಿಲ್ಲಿಸಬೇಡಿ.
4. ಎಚ್ಚರ ತಪ್ಪಿ ಎದ್ದಿದ್ದರೆ, ಎದೆನೋವು ಅಥವಾ ಎದೆಬಡಿತದ ಏರುಪೇರು ಇದ್ದರೆ, ಮೊದಲೇ ಹೃದಯದ ಕಾಯಿಲೆ ಇದ್ದರೆ ಅಥವಾ ಗರ್ಭಿಣಿಯಾಗಿದ್ದರೆ "ಈಗ ಆರಾಮಿದ್ದೇನೆ" ಎಂದರೂ ಆಸ್ಪತ್ರೆಗೆ ಕರೆದೊಯ್ದು ಇಸಿಜಿ ಮಾಡಿಸಿ.

ನಮ್ಮ ಕನ್ನಡ ಸಂಘಗಳು ವರ್ಷಕ್ಕೊಮ್ಮೆ ನಾಟಕ, ಹಬ್ಬದ ಜೊತೆಗೆ ಅರ್ಧ ದಿನದ ಸಿಪಿಆರ್ ತರಬೇತಿಯನ್ನೂ ಇಟ್ಟುಕೊಂಡರೆ ಎಷ್ಟು ಚೆನ್ನ!

ಈ ಸಂದೇಶವನ್ನು ನಿಮ್ಮ ಸೊಸೈಟಿ ಮತ್ತು ಊರಿನ ಗ್ರೂಪ್‌ಗಳಿಗೂ ಕಳುಹಿಸಿ. ಕಳುಹಿಸುವ ಮೊದಲು, ನಿಮ್ಮ ಮನೆಯ ಬೋರ್ಡಿನಲ್ಲಿ ಆರ್‌ಸಿಸಿಬಿ ಇದೆಯೇ ಎಂದು ಒಮ್ಮೆ ಎದ್ದು ನೋಡಿ ಬನ್ನಿ.

— ನಿಮ್ಮ ಹೃದ್ರೋಗ ತಜ್ಞ, ಎಂ.ಡಿ., ದಾದರ್, ಮುಂಬಯಿ